ಕಣಗಿಲೆ ಬೇಲಿಯ ಹಿಂದೆ

ಪಟ್.

ಹಸಿ ತೊಟ್ಟು ಮುರಿದ ಸದ್ದು. ಒಣಗಿದ ಎಲೆ ತಾನಾಗಿ ಉದುರಿದರೆ ಸದ್ದಾಗುವುದು ನೆಲ ಮುಟ್ಟಿದ ಮೇಲೆ. ಇದು ಗಿಡದಲ್ಲೇ ಆದ ಸದ್ದು. ಹಿತ್ತಲ ಕಡೆಯ ಕಿಟಕಿಯ ಪಕ್ಕ ಕೂತು ಶಾಲಾಪುಸ್ತಕವೊಂದರ ಕರಡು ತಿದ್ದುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಮನೆಯವರೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. ಇನ್ನೊಂದು ಸಲ, ಪಟ್. ದೀಪ ಆರಿಸಿ ಕಿಟಕಿಯ ಸರಳಿಗೆ ಮುಖ ಒತ್ತಿದೆ. ಕಣಗಿಲೆ ಬೇಲಿಯ ಬುಡದಲ್ಲಿ ಯಾರೋ ಬಗ್ಗಿದ್ದರು. ಎದ್ದು ಅಡುಗೆಮನೆಯ ಬಾಗಿಲ ಕಡೆ ನಡೆದಾಗ ಗುರುತು ಸಿಕ್ಕಿತು. ಹೊಲಿಗೆ ಯಂತ್ರ ತುಳಿದು ತುಳಿದು ಬಲಗಾಲನ್ನು ಹಾಗೆ ಎಳೆಯುವವಳು ನಮ್ಮ ಮನೆಯಲ್ಲಿ ಒಬ್ಬಳೇ. ನನ್ನ ಓರಗಿತ್ತಿ, ಚಿಕ್ಕವಳು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನ ಗಂಡನ ಬೆನ್ನ ಹಿಂದೆ ಹೋಗಿ ನಿಂತೆ.

"ರೀ, ರಾತ್ರಿ ಹಿತ್ತಲಲ್ಲಿ ಚಿಕ್ಕವಳಿದ್ದಳು."

"ಇರಲಿ ಬಿಡು. ಅವಳ ಮನೆ ಹಿತ್ತಲಲ್ಲಿ ಅವಳಿರದೆ ಪಕ್ಕದ ಮನೆಯವರು ಬಂದು ಇರ್ತಾರಾ?"

"ಅಷ್ಟು ಹೊತ್ತಲ್ಲಿ? ಕಣಗಿಲೆ ಹತ್ತಿರ?"

ಅವರು ಬಾಯಿ ಮುಕ್ಕಳಿಸಿ, ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಪತ್ತೇದಾರಿಣಿ ಅವರೇ, ಮೊದಲು ನನ್ನ ಕಾಲುಚೀಲದ ಜೋಡಿ ಎಲ್ಲಿದೆ ಪತ್ತೆ ಮಾಡಿಕೊಡಿ."

ಇವರು ಲಿಫ್ಟ್ ರಿಪೇರಿ ಮಾಡುವವರು. ಮನೆಯ ವಿಷಯ ಬಂದರೆ ತಾವೇ ಎರಡು ಮಹಡಿಯ ನಡುವೆ ನಿಂತುಬಿಡುತ್ತಾರೆ. ಯಾವ ಗುಂಡಿ ಒತ್ತಿದರೂ ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ.

ಅವರು ಕೆಲಸಕ್ಕೆ ಹೋದ ಮೇಲೆ ನಾನು ಬೇಲಿಯ ಹತ್ತಿರ ಹೋದೆ. ಕಣಗಿಲೆಯ ಎರಡು ಮೂರು ರೆಂಬೆಗಳು ಮುರಿದು ಜೋತಾಡುತ್ತಿದ್ದವು. ಮುರಿದ ಕಡೆ ಹಾಲು ಒಸರಿ ಒಣಗಿತ್ತು. ಕೆಳಗಿನ ಒದ್ದೆ ಮಣ್ಣಲ್ಲಿ ಚಪ್ಪಲಿಯ ಗುರುತು. ನಾನು ಹೆದರಿದ್ದು ಆ ಗುರುತಿಗಲ್ಲ. ಹಿಂದಿನ ದಿನ ಚಹಾದ ಲೋಟ ಹಿಡಿದ ಮಾವನ ಕೈ ಗಡಗಡ ನಡುಗಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಅದು ಕೊಡಮ್ಮ, ಅದು..." ಎಂದು ಕತ್ತರಿಯ ಕಡೆ ಬೆರಳು ತೋರಿಸುತ್ತಾ ಕತ್ತರಿ ಎಂಬ ಮಾತಿಗಾಗಿ ತಡಕಾಡಿದ್ದರು. ಊಟವಾದ ಮೇಲೆ ಸರಿಹೋದರು. "ಬಿಸಿಲು ಕಣಮ್ಮ" ಅಂದರು. ಅಂಥ ಬಿಸಿಲೇನೂ ಇರಲಿಲ್ಲ.

ಕಣಗಿಲೆಯನ್ನು ಮನೆಯಲ್ಲಿ ಯಾರೂ ಕಾರಣವಿಲ್ಲದೆ ಮುಟ್ಟುವುದಿಲ್ಲ. ಮಾವನ ಹಿತ್ತಲಿನ ಕಾನೂನು ಹಾಗಿದೆ. ಅವರು ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ನಿವೃತ್ತರಾದ ಮೇಲೆ, ಅತ್ತೆಯೂ ತೀರಿಕೊಂಡ ಮೇಲೆ, ಹಿತ್ತಲೇ ಅವರ ಸ್ಟೋರು. ಅಲ್ಲಿ ಗಿಡ ನೆಡಬೇಕಾದರೆ ಸಂದರ್ಶನ ಪಾಸಾಗಬೇಕು; ಮೂರು ಕೆಲಸ ಗೊತ್ತಿಲ್ಲದ ಗಿಡಕ್ಕೆ ಜಾಗವಿಲ್ಲ. ನುಗ್ಗೆ ಕಾಯಿ ಕೊಟ್ಟರೆ ಸಾಲದು, ಸೊಪ್ಪು ಕೊಡಬೇಕು, ಹಾಗಲ ಬಳ್ಳಿಗೆ ಹೆಗಲನ್ನೂ ಕೊಡಬೇಕು. ಬಾಳೆ ಹಣ್ಣು, ಎಲೆ ಕೊಟ್ಟು, ಬಚ್ಚಲ ನೀರನ್ನು ಕುಡಿದು ಮುಗಿಸಬೇಕು. ನಿಂಬೆಹುಲ್ಲು ಚಹಾಕ್ಕೆ ಬೀಳಬೇಕು, ಸೊಳ್ಳೆ ಓಡಿಸಬೇಕು, ಪಾತಿಯ ಏರಿ ಕುಸಿಯದ ಹಾಗೆ ಮಣ್ಣು ಕಚ್ಚಿಕೊಂಡಿರಬೇಕು. ಒಂದು ಸಲ ನಾನು ಆಸೆಪಟ್ಟು ಬಣ್ಣಬಣ್ಣದ ಎಲೆಯ ಕ್ರೋಟನ್ ತಂದಿದ್ದೆ.

"ಏನು ಕೆಲಸ ಬರುತ್ತೆ ಇದಕ್ಕೆ?" ಎಂದರು ಮಾವ.

"ನೋಡೋಕೆ ಚೆನ್ನಾಗಿದೆ ಮಾವ."

"ಒಂದಾಯ್ತು. ಇನ್ನೆರಡು?"

ಕ್ರೋಟನ್ ಅಂಗಡಿಗೆ ವಾಪಸಾಯಿತು.

ಕಣಗಿಲೆಗೆ ಜಾಗ ಸಿಕ್ಕಿದ್ದು ಬೇಲಿಯಾಗಿ; ದನ ಬಾಯಿ ಹಾಕುವುದಿಲ್ಲ. ವರ್ಷವಿಡೀ ಹೂವು, ಎರಡಾಯಿತು. ಮೂರನೆಯದನ್ನು ಕೇಳಿದಾಗ ಮಾವ ದನಿ ತಗ್ಗಿಸಿ "ಇಲಿ" ಎಂದಿದ್ದರು. "ಎಲೆ, ಹೂವು, ಕಡ್ಡಿ, ಎಲ್ಲಾ ವಿಷ. ಮುಟ್ಟಿದ್ರೆ ಕೈ ತೊಳ್ಕೊಳ್ಳಿ." ಹಾಗೆ ಹೇಳಿದ್ದು ನನಗೊಬ್ಬಳಿಗೇ ಅಲ್ಲ. ಚಿಕ್ಕವಳೂ ಅಲ್ಲೇ ನಿಂತಿದ್ದಳು.

ದೊಡ್ಡವಳು, ಚಿಕ್ಕವಳು ಎನ್ನುವುದು ಮಾವ ನಮ್ಮಿಬ್ಬರಿಗೆ ಇಟ್ಟ ಹೆಸರು. ನನ್ನ ಮೈದುನ ಲಾರಿ ಓಡಿಸುವವನು, ಮನೆಗೆ ಬರುವುದು ಅಪರೂಪ. ಅವನ ಹೆಂಡತಿ ಮುಂದಿನ ಕತ್ತಲೆ ಕೋಣೆಯಲ್ಲಿ ಹಗಲೆಲ್ಲ ದೀಪ ಹಾಕಿಕೊಂಡು ಬಟ್ಟೆ ಹೊಲಿಯುತ್ತಾಳೆ. ಬೆಳಗಿನ, ಮಧ್ಯಾಹ್ನದ ಅಡುಗೆ ನನ್ನದು, ರಾತ್ರಿಯದು ಅವಳದು. ನಮ್ಮ ನಡುವೆ ಜಗಳವಿಲ್ಲ. ಜಗಳವಿಲ್ಲದ ಕಡೆಯೇ ನಾನು ಹೆಚ್ಚು ಎಚ್ಚರವಾಗಿರುತ್ತೇನೆ.

ಕೆಲವು ತಿಂಗಳ ಹಿಂದೆ ಅವಳು ಮಾವನನ್ನು ಒಂದು ಮಾತು ಕೇಳಿದ್ದಳು. "ಮಾವ, ಹಿತ್ತಲ ಮೂಲೇಲಿ ಒಂದು ಸಣ್ಣ ಕೋಣೆ ಕಟ್ಟಿಸಿಕೊಳ್ಳಲಾ? ಬೆಳಕಿರುತ್ತೆ. ಈ ಕೋಣೇಲಿ ಸೂಜಿಗೆ ದಾರ ಪೋಣಿಸೋದೇ ಒಂದು ಕೆಲಸ ಆಗಿದೆ."

ಮಾವ ಮೂಲೆಯ ಕಡೆ ನೋಡಿ, "ಅಲ್ಲಿ ನುಗ್ಗೆ ಹೋಗುತ್ತೆ, ನಿಂಬೆ ಹೋಗುತ್ತೆ. ನಾನಿರೋವರೆಗೂ ಬೇಡಮ್ಮ" ಎಂದಿದ್ದರು.

ಚಿಕ್ಕವಳು "ಆಯ್ತು ಮಾವ" ಎಂದು ನಕ್ಕು ಒಳಗೆ ಹೋದಳು. ಅಷ್ಟೇ ನಡೆದಿದ್ದು. ಆದರೆ ಇಡೀ ದಿನ ಪದಗಳನ್ನು ಹಿಂದೆ ಮುಂದೆ ಓದುವ ಕೆಲಸ ನನ್ನದು. 'ನಾನಿರೋವರೆಗೂ' ಎಂಬ ಆ ಒಂದು ಪದ ಈಗ ಮತ್ತೆ ಮತ್ತೆ ಕಣ್ಣ ಮುಂದೆ ಬಂದು ನಿಂತಿತು. ಮಾವ ಇಲ್ಲದಿದ್ದರೆ ಕೋಣೆ ಬರುತ್ತದೆ. ನಾನು ಹಾಗೆ ಯೋಚಿಸಬಾರದು ಎಂದುಕೊಂಡೆ. ಯೋಚಿಸಿದ್ದೆ, ಆಗಲೇ.

ಮಾವನಿಗೆ ಸಕ್ಕರೆ ಕಾಯಿಲೆ. ಹೋದ ಸಲದ ಪರೀಕ್ಷೆಯಲ್ಲಿ ಸಕ್ಕರೆ ಮೇಲೇರಿತ್ತು. ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿ, "ಇದಕ್ಕೂ ಬಗ್ಗದಿದ್ರೆ ಇಂಜೆಕ್ಷನ್ನೇ ಗತಿ" ಎಂದಾಗ ಮಾವನ ಮುಖ ಸಣ್ಣಗಾಯಿತು. ಸೂಜಿ ಕಂಡರೆ ಅವರಿಗೆ ಮಕ್ಕಳಿಗಿಂತ ಹೆಚ್ಚು ಭಯ. ಆಗ ಚಿಕ್ಕವಳು, ತಾನು ಮದುವೆಯಾಗಿ ಬರುವಾಗ ತಂದು ನೆಟ್ಟಿದ್ದ ಇನ್ಸುಲಿನ್ ಗಿಡದ ಮಾತೆತ್ತಿದಳು; ಅದರ ಎಲೆ ತಿಂದರೆ ಸಕ್ಕರೆ ಇಳಿಯುತ್ತದಂತೆ. "ಬೇಡ" ಎಂದರು ಡಾಕ್ಟರಮ್ಮ, "ಎಲೆ ಗಿಲೆ ಏನೂ ಬೇಡ. ಮಾತ್ರೆ ಸಾಕು." ಮನೆಗೆ ಬಂದವಳೇ ಚಿಕ್ಕವಳು ಎಲ್ಲರ ಎದುರಿಗೇ ಆ ಗಿಡವನ್ನು ಬುಡಸಮೇತ ಕಿತ್ತಳು. ನೆಲ ತುಂಬ ಹಬ್ಬಿ, ಕಿತ್ತಳೆ ಬಣ್ಣದ ಹೂ ಬಿಡುತ್ತಿದ್ದ ಗಿಡ. ಮಾವ ಪಾಪ, ಒಳ್ಳೆಯ ಕೆಲಸಗಾರನನ್ನು ಮನೆಗೆ ಕಳಿಸಿದವರ ಹಾಗೆ ನಿಂತಿದ್ದರು.

ಆದ್ದರಿಂದ ಆ ಗಿಡದ ಮೇಲೆ ನನಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಅದು ಹಿತ್ತಲಲ್ಲೇ ಇರಲಿಲ್ಲ. ಇದ್ದದ್ದು ಮುರಿದ ಕಣಗಿಲೆ.

ಅವತ್ತಿನಿಂದ ನಾನು ಚಿಕ್ಕವಳ ಬೆನ್ನು ಬಿಡಲಿಲ್ಲ. ಅವಳು ಅಡುಗೆಮನೆಗೆ ಹೋದರೆ ನನಗೆ ನೀರು ಬೇಕಾಗುತ್ತಿತ್ತು. ಹಿತ್ತಲಿಗೆ ಹೋದರೆ ಒಣಗಿದ ಬಟ್ಟೆ ನೆನಪಾಗುತ್ತಿತ್ತು. ಒಂದು ಸಂಜೆ ಮಿಕ್ಸಿಯ ಸದ್ದು ಕೇಳಿ ಹೋದೆ. ನನ್ನನ್ನು ಕಂಡವಳೇ ಜಾರಿನ ಮುಚ್ಚಳದ ಮೇಲೆ ಅಂಗೈ ಒತ್ತಿದಳು.

"ಏನು ರುಬ್ತಾ ಇದ್ದೀಯ?"

"ಏನಿಲ್ಲ ಅಕ್ಕ, ಕೊತ್ತಂಬರಿ."

"ಚಟ್ನಿಗಾ?"

"ಹೂಂ... ಸ್ವಲ್ಪ."

"ಘಮ ಬರ್ಲಿಲ್ಲವಲ್ಲ."

"ಹಳೇ ಸೊಪ್ಪು ಅಕ್ಕ." ಆಮೇಲೆ ನಗುತ್ತಾ ಸೇರಿಸಿದಳು, "ನೀವು ಬಿಡಿ, ನಾಯಿ ಮೂಗು."

ರಾತ್ರಿ ಊಟಕ್ಕೆ ಚಟ್ನಿ ಬರಲಿಲ್ಲ. ಎಲ್ಲರೂ ಎದ್ದ ಮೇಲೆ ಜಾರು ಮೂಸಿದೆ. ಕೊತ್ತಂಬರಿಯಲ್ಲ, ಹಸಿ ಹುಲ್ಲಿನ, ಸ್ವಲ್ಪ ಹುಳಿಯಾದ ವಾಸನೆ. ಬಾಳೆ ಬುಡದ ಗೊಬ್ಬರದ ಗುಂಡಿಯಲ್ಲಿ ಹಸಿರು ಚರಟ ಬಿದ್ದಿತ್ತು. ಅದನ್ನು ಕಡ್ಡಿಯಿಂದ ಎತ್ತಿ ಕಾಗದದಲ್ಲಿ ಸುತ್ತಿ ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ರುಬ್ಬಿದ ಮೇಲೆ ಯಾವ ಎಲೆಯೂ ಒಂದೇ ಹಸಿರು. ಆದರೂ ಇಟ್ಟುಕೊಂಡೆ.

ಅಷ್ಟರಲ್ಲಿ ಮಾವನಿಗೆ ಇನ್ನೊಂದು ಸಲ ತಲೆ ಸುತ್ತಿತು. ಬೆಳಗಿನ ಹೊತ್ತು, ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತವರು ಹಾಗೇ ಮಗ್ಗುಲಿಗೆ ವಾಲಿದರು. ನಾನು ಗಂಡನಿಗೆ ಹೇಳಿದೆ.

"ಸಕ್ಕರೆ ನೋಡೋ ಮೆಷಿನ್ ಇದೆಯಲ್ಲ, ನೋಡು" ಎಂದರು.

"ಅದರ ಸ್ಟ್ರಿಪ್ ಮುಗಿದು ಎಷ್ಟು ದಿನ ಆಯ್ತು? ತರ್ತೀನಿ ತರ್ತೀನಿ ಅಂತೀರಿ."

"ತರ್ತೀನಿ. ಮುಂದಿನ ವಾರ ಡಾಕ್ಟರ ಹತ್ರ ಹೋಗೋದು ಇದ್ದೇ ಇದೆ. ನೀನು ಅಪ್ಪನ ಮುಖ ನೋಡ್ಕೊಂಡು ಕೂತ್ಕೊಂಡ್ರೆ ಇಲ್ಲದ ಕಾಯಿಲೆನೂ ಬರುತ್ತೆ."

ಕಣಗಿಲೆಯ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅಂಥ ಮಾತನ್ನು ಒಮ್ಮೆ ಆಡಿದರೆ ಅದನ್ನು ಯಾವ ಕರಡಿನಲ್ಲೂ ತಿದ್ದಲಾಗದು. ಹೇಳಲಾಗದವಳು ಮಾಡಿದೆ. ಮೊದಲಿಗೆ, ಮಾವ ರಾತ್ರಿ ಚಿಕ್ಕವಳ ಕೈಯ ಊಟ ಮಾಡದ ಹಾಗೆ ನೋಡಿಕೊಳ್ಳಬೇಕಿತ್ತು.

"ಮಾವ, ರಾತ್ರಿ ಊಟ ಭಾರ ಆಗ್ತಿದೆ ನಿಮಗೆ. ಅದಕ್ಕೇ ಈ ಸುಸ್ತು" ಎಂದೆ. "ತಟ್ಟೆ ನಿಮ್ಮ ಕೋಣೆಗೆ ತಗೊಂಡು ಹೋಗಿ. ಎರಡು ತುತ್ತು ತಿಂದ ಹಾಗೆ ಮಾಡಿ ಬಿಟ್ಟುಬಿಡಿ. ಅವಳಿಗೆ ಬೇಜಾರಾಗೋದು ಬೇಡ, ನಾನು ಗುಂಡಿಗೆ ಹಾಕ್ತೀನಿ."

ಮಾವ ನನ್ನ ಮುಖವನ್ನೇ ನೋಡಿದರು. "ಆಯ್ತಮ್ಮ" ಎಂದರು.

ಎರಡನೆಯದು, ಒಳಗೆ ಸೇರಿರಬಹುದಾದ ವಿಷವನ್ನು ಇಳಿಸುವುದು. ಹಾಗಲದ ಎಳೆ ಕುಡಿ, ಕಾಯಿ, ನುಗ್ಗೆಯ ಚಿಗುರು, ಎಲ್ಲ ಸೇರಿಸಿ ಅರೆದು ಸೋಸಿ ಬೆಳಿಗ್ಗೆ ಒಂದು ಲೋಟ, ಮಲಗುವ ಮುಂಚೆ ಒಂದು ಲೋಟ ಮಾವನಿಗೆ ಕೊಟ್ಟೆ. ಕಹಿಯಾದದ್ದು ರಕ್ತ ಶುದ್ಧಿ ಮಾಡುತ್ತದೆ ಎಂದು ಮಾವನೇ ಎಷ್ಟೋ ಸಲ ಹೇಳಿದ್ದರು. ಡಾಕ್ಟರಮ್ಮನ ಮಾತು ನೆನಪಿರಲಿಲ್ಲ ಎಂದಲ್ಲ. ಅವರು ಬೇಡ ಎಂದದ್ದು ಔಷಧಿಯ ಎಲೆಯನ್ನು. ನಾನು ಕೊಡುತ್ತಿದ್ದುದು ತರಕಾರಿ. ಆ ವ್ಯತ್ಯಾಸ ನನಗೆ ಬಹಳ ಸ್ಪಷ್ಟವಾಗಿತ್ತು.

"ಕುಡೀರಿ ಮಾವ. ಯಾರಿಗೂ ಹೇಳಬೇಡಿ."

ಅವರು ಲೋಟದೊಳಗೆ ನೋಡಿ, ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದರು. "ಇದರ ಮೂರು ಕೆಲಸ ಏನೇನಮ್ಮ?" ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಅವರ ಬೆರಳ ತುದಿ ತಣ್ಣಗಿತ್ತು.

ನಾನು ಎಷ್ಟು ಕಾವಲಿದ್ದರೂ ಅವರು ದಿನದಿನಕ್ಕೆ ಇಳಿಯುತ್ತಲೇ ಹೋದರು. ಬೆಳಗಿನ ಜಾವ ಬೆವರಿ ಏಳುತ್ತಿದ್ದರು. ಒಮ್ಮೆ ನನ್ನನ್ನು ಅತ್ತೆಯೆಂದುಕೊಂಡು ಏನೋ ಕೇಳಿದರು. ಚಿಕ್ಕವಳೂ ಅವರ ಸುತ್ತ ಸುಳಿದಾಡುವುದು ಜಾಸ್ತಿಯಾಯಿತು. ನಾನು ಸ್ನಾನಕ್ಕೆ ಹೋದಾಗ ಅವರ ಕೋಣೆಯಲ್ಲಿ ಅವಳ ದನಿ ಕೇಳುತ್ತಿತ್ತು. ಹೊರಗೆ ಬಂದರೆ ಸದ್ದಿಲ್ಲ. ಅವಳು ಕೊಡುವುದನ್ನು ಜಾಸ್ತಿ ಮಾಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಆದ್ದರಿಂದ ನಾನೂ ಜಾಸ್ತಿ ಮಾಡಿದೆ.

ಒಂದು ದಿನ, ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ನಾನು ಒಲೆಯ ಮುಂದಿದ್ದೆ. ಹಿತ್ತಲಿಂದ ಚಿಕ್ಕವಳ ಕೂಗು ಕೇಳಿತು, "ಮಾವಾ!"

ಓಡಿದೆ. ಮಾವ ನುಗ್ಗೆಯ ಬುಡದಲ್ಲಿ ಬಿದ್ದಿದ್ದರು, ಕೈಯಲ್ಲಿ ಹಾಗಲ ಬಳ್ಳಿ ಕಟ್ಟುವ ದಾರ ಇನ್ನೂ ಸುತ್ತಿಕೊಂಡೇ ಇತ್ತು. ಅಂಗಿ ಬೆವರಿನಿಂದ ಮೈಗಂಟಿತ್ತು. ಕಣ್ಣು ಅರೆತೆರೆದಿತ್ತು, ನೋಟವಿರಲಿಲ್ಲ. ಚಿಕ್ಕವಳು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏನು ಕೊಟ್ಟೆ?" ಎಂದೆ. ಅದು ನನ್ನ ದನಿಯಂತಿರಲಿಲ್ಲ. "ಹೇಳೇ, ಏನು ಹಾಕಿದೆ ಅವರ ಬಾಯಿಗೆ?"

ಅವಳ ಮುಖ ಬಿಳಿಚಿಕೊಂಡಿತು. ಮಾವನ ತಲೆಯನ್ನು ನೆಲಕ್ಕಿಳಿಸಿ ಎದ್ದು ಒಳಗೆ ಓಡಿದಳು. ಓಡಿಹೋಗುತ್ತಿದ್ದಾಳೆ ಎಂದುಕೊಂಡೆ. ಆದರೆ ಸಕ್ಕರೆ ಡಬ್ಬಿ ಹಿಡಿದು ಓಡಿ ಬಂದಳು, ಮಾವನ ಪಕ್ಕ ಮಂಡಿಯೂರಿ ಹಿಡಿ ತುಂಬ ಸಕ್ಕರೆ ತೆಗೆದಳು. ನಾನು ಅವಳ ಮುಂಗೈ ಹಿಡಿದೆ.

"ಬಿಡಿ ಅಕ್ಕ!"

"ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಹಾಕ್ತೀಯಾ? ನನ್ನ ಎದುರಿಗೇ ಮುಗಿಸ್ತೀಯಾ?"

"ಸಕ್ಕರೆ ಇಳಿದುಹೋಗಿದೆ ಅಕ್ಕ! ನಮ್ಮಮ್ಮಂಗೂ ಹೀಗೇ ಆಗ್ತಿತ್ತು, ಮೈ ಮುಟ್ಟಿ ನೋಡಿ, ತಣ್ಣಗಿದೆ! ಬಿಡಿ!"

ನಾನು ಬಿಡಲಿಲ್ಲ. ಸಕ್ಕರೆ ನಮ್ಮಿಬ್ಬರ ಕೈಯಿಂದ ಮಣ್ಣಿಗೆ ಸುರಿಯಿತು. ಎಷ್ಟು ಹೊತ್ತು ಹಾಗೆ ಜಗ್ಗಾಡಿದೆವೋ ನನಗೆ ಗೊತ್ತಿಲ್ಲ. ಬಹಳ ಹೊತ್ತೇನೂ ಇರಲಾರದು. ಮಾವನ ಗಂಟಲಿಂದ ಗೊರ್ ಎಂಬ ಸದ್ದು ಬಂತು. ಚಿಕ್ಕವಳು ಭುಜದಿಂದ ನನ್ನನ್ನು ನೂಕಿದಳು. ನಾನು ನಿಂಬೆಯ ಮುಳ್ಳಿನ ಮೇಲೆ ಬಿದ್ದೆ. ಅವಳು ಮಾವನನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆ ಬೆರಳಿಗೆ ಸಕ್ಕರೆ ಮೆತ್ತಿಕೊಂಡು ಕೆನ್ನೆಯ ಒಳಗೆ, ವಸಡಿನ ಮೇಲೆ ತಿಕ್ಕುತ್ತಲೇ ಇದ್ದಳು. ತಿಕ್ಕುತ್ತಾ ಅಳುತ್ತಿದ್ದಳು. ನಾನು ಬಿದ್ದಲ್ಲಿಂದಲೇ ನೋಡುತ್ತಿದ್ದೆ. ಇನ್ನೇನು ಅವರು ಹೋಗುತ್ತಾರೆ, ಕೊಂದವಳನ್ನು ಕಣ್ಣಾರೆ ನೋಡಿದ ಸಾಕ್ಷಿ ನಾನೇ ಎಂದುಕೊಂಡು ನೋಡುತ್ತಿದ್ದೆ.

ಮಾವನ ರೆಪ್ಪೆ ಅದುರಿತು. ತುಟಿ ಚಪ್ಪರಿಸಿದರು. ಸ್ವಲ್ಪ ಹೊತ್ತಿಗೆ "ಯಾಕಮ್ಮ ಅಳ್ತೀಯಾ?" ಎಂದರು, ಚಿಕ್ಕವಳಿಗೆ.

ನಾನು ಎದ್ದು ಆಂಬುಲೆನ್ಸಿಗೆ ಫೋನು ಮಾಡಿದೆ. ನನ್ನ ಮೊಣಕೈಯಲ್ಲಿ ಮುಳ್ಳು ಮುರಿದಿತ್ತು, ಅದು ನನಗೆ ತಿಳಿದಿದ್ದು ಆಸ್ಪತ್ರೆಯಲ್ಲಿ.

ಅಲ್ಲಿ ಡಾಕ್ಟರಮ್ಮ ಮಾವನ ಕೈಗೆ ಗ್ಲೂಕೋಸ್ ಹಾಕಿಸಿ ನಮ್ಮ ಕಡೆ ತಿರುಗಿದರು. "ಸಕ್ಕರೆ ತಳ ಮುಟ್ಟಿತ್ತು. ಬಾಯಿಗೆ ಸಕ್ಕರೆ ಹಾಕಿದ್ರಲ್ಲ, ಅದಕ್ಕೆ ಉಳಿದುಕೊಂಡ್ರು. ಇನ್ನು ಸ್ವಲ್ಪ ತಡ ಆಗಿದ್ರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ. ಮಾತ್ರೆ ಜೊತೆ ಇನ್ನೇನು ಕೊಡ್ತಿದ್ರಿ? ನಿಜ ಹೇಳಿ."

ಕಣಗಿಲೆಯ ಮಾತು ಅಲ್ಲಿ ಯಾರೂ ಆಡಲಿಲ್ಲ. ಕೈಚೀಲದಲ್ಲಿ ನನ್ನ ಕಾಗದದ ಪೊಟ್ಟಣ ಇತ್ತು. ಇಷ್ಟು ದಿನ ಜೋಪಾನ ಮಾಡಿದ್ದು ಈ ಗಳಿಗೆಗಾಗಿಯೇ. ಆದರೆ ಅದರೊಳಗೆ ಇರುವುದು ವಿಷವಲ್ಲ, ಸಕ್ಕರೆ ಇಳಿಸುವ ಯಾವುದೋ ಎಲೆ ಎಂದು ನನಗಾಗಲೇ ಹೊಳೆದಿತ್ತು. ನಾನು ಕೊಟ್ಟದ್ದೂ ಅಂಥದ್ದೇ. ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಚಿಕ್ಕವಳು ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು.

ಅಷ್ಟರಲ್ಲಿ ಹಾಸಿಗೆಯಿಂದ ಮಾವನ ದನಿ ಬಂತು. "ನಾನೇ ಡಾಕ್ಟ್ರೇ. ಹಿತ್ತಲಲ್ಲಿ ಕೈಗೆ ಸಿಕ್ಕಿದ ಎಲೆ ಎಲ್ಲ ಬಾಯಿಗೆ ಹಾಕ್ಕೊಂಡೆ. ರಾತ್ರಿ ಊಟಾನೂ ಬಿಟ್ಟಿದ್ದೆ. ನಿಮ್ಮ ಸೂಜಿ ತಪ್ಪಿಸ್ಕೊಳ್ಳೋಣ ಅಂತ."

"ಮೇಕೆನಾ ನೀವು?" ಎಂದು ಡಾಕ್ಟರಮ್ಮ ಗದರಿದರು.

ನನ್ನ ಗಂಡ ಬಂದು ಚಿಕ್ಕವಳನ್ನು ಮನೆಗೆ ಕರೆದುಕೊಂಡು ಹೋದ ಮೇಲೆ ಮಾವನ ಪಕ್ಕ ನಾನೊಬ್ಬಳೇ ಉಳಿದೆ. ಬಾಟಲಿಯಿಂದ ಹನಿ ಬೀಳುವುದನ್ನು ಇಬ್ಬರೂ ನೋಡುತ್ತಿದ್ದೆವು.

"ಅವಳೂ ಕೊಡ್ತಿದ್ದಳಾ ಮಾವ?"

"ಇನ್ಸುಲಿನ್ ಎಲೆ. ಕಿತ್ತಿದ್ದನ್ನ ಕಣಗಿಲೆ ಹಿಂದೆ ಬಚ್ಚಿಟ್ಟು ಬೆಳೆಸಿದ್ದಾಳೆ. ಅದು ತುಂಡು ಬಿದ್ದ ಕಡೆ ಚಿಗುರುತ್ತಲ್ಲ. ನನಗೆ ಸೂಜಿ ತಪ್ಪಿಸಬೇಕು ಅಂತ ಅವಳಿಗೆ ಹಟ."

"ಮತ್ತೆ ನಾನು ಕೊಟ್ಟದ್ದನ್ನೂ ಕುಡಿದ್ರಿ."

"ಕುಡಿದೆ."

"ಮಾತ್ರೆ?"

"ಅದನ್ನೂ ನುಂಗಿದೆ. ಡಾಕ್ಟರಿಗೂ ಬೇಜಾರಾಗಬಾರದಲ್ಲ."

"ಯಾಕೆ ಮಾವ? ಒಂದು ಮಾತು ಬೇಡ ಅನ್ನಬಹುದಿತ್ತಲ್ಲ!"

"ಯಾರಿಗೆ ಅನ್ನಲಿ?" ಎಂದರು. "ಒಬ್ಬಳ ಲೋಟ ತಗೊಂಡು ಇನ್ನೊಬ್ಬಳ ಲೋಟ ವಾಪಸ್ ಕಳಿಸಿದ್ರೆ ಮನೆಯಲ್ಲಿ ಅವತ್ತೇ ಗೆರೆ ಬೀಳುತ್ತೆ. ಸ್ಟೋರಲ್ಲೂ ನಾನು ಬಂದ ಸಾಮಾನು ಇಳಿಸ್ಕೊಂಡವನೇ. ಇಷ್ಟು ಅಪಾಯ ಅಂತ ನನಗೂ ಗೊತ್ತಿರಲಿಲ್ಲ ಬಿಡು." ಮತ್ತೆ ಹೇಳಿದರು, "ನಿನ್ನ ಲೋಟದ ವಿಷಯ ಅವಳಿಗೆ ಗೊತ್ತಿಲ್ಲ. ತಾನೊಬ್ಬಳೇ ನನ್ನನ್ನ ಇಲ್ಲಿಗೆ ತಂದೆ ಅಂತ ಅಳ್ತಿದ್ದಾಳೆ. ನಾನಂತೂ ಹೇಳಲ್ಲ. ಹೇಳೋದು ಬಿಡೋದು ನಿನಗೆ ಸೇರಿದ್ದು."

ರಾತ್ರಿಗೆ ನನ್ನ ಗಂಡ ಬಂದು ಅಲ್ಲೇ ಉಳಿದರು. ಮರುದಿನ ಮಧ್ಯಾಹ್ನ ಮಾವನನ್ನು ಕರೆತಂದು ಮಲಗಿಸಿದರು. ಹೊಸ ಸ್ಟ್ರಿಪ್ಪಿನ ಡಬ್ಬಿ ಅವರ ದಿಂಬಿನ ಪಕ್ಕದಲ್ಲಿತ್ತು. ಸಂಜೆ ನಾನು ಹಿತ್ತಲಿಗೆ ಹೋದೆ. ಕಣಗಿಲೆಯ ಹಿಂದಿನಿಂದ ಮಣ್ಣು ಕೆದಕುವ ಸದ್ದು ಬರುತ್ತಿತ್ತು. ಬೇಲಿಗೂ ಗೋಡೆಗೂ ನಡುವೆ ಒಬ್ಬರು ನುಸುಳುವಷ್ಟು ಸಂದು. ಅಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ರೆಂಬೆ ಸರಿಸಿ ಒಳಗೆ ಹೋದೆ; ಒಂದು ಪಟ್ ಎಂದು ಮುರಿಯಿತು. ನೆರಳಲ್ಲಿ ಇನ್ಸುಲಿನ್ ಗಿಡಗಳು ಸಾಲಾಗಿ, ದಟ್ಟವಾಗಿ ನಿಂತಿದ್ದವು. ಚಿಕ್ಕವಳು ಒಂದೊಂದನ್ನೇ ಬುಡಸಮೇತ ಕೀಳುತ್ತಿದ್ದಳು.

"ಬನ್ನಿ ಅಕ್ಕ" ಎಂದಳು ತಿರುಗದೆ. "ಹತ್ತಿರದಿಂದ ನೋಡಿ. ಇಷ್ಟು ದಿನ ದೂರದಿಂದ ನೋಡಿ ಕಣ್ಣು ನೋವು ಬಂದಿರಬೇಕು."

"ರಾತ್ರಿ ಹೊತ್ತು ಯಾಕೆ ಬರ್ತಿದ್ದೆ?"

"ಹಗಲೆಲ್ಲ ನಿಮ್ಮ ಕಣ್ಣು ಇರ್ತಿತ್ತಲ್ಲ." ಇನ್ನೊಂದು ಗಿಡ ಕಿತ್ತಳು. "ಡಾಕ್ಟರಿಗೆ ಮಾವ ಸುಳ್ಳು ಹೇಳಿದ್ರು. ನಾನೇ ಕೊಟ್ಟಿದ್ದು. ಮೊದಲು ಎರಡೆಲೆ. ಅವರು ಸೊರಗ್ತಾ ಹೋದ ಹಾಗೆ, ಸಕ್ಕರೆ ಇಳೀತಾ ಇಲ್ಲ ಅಂದ್ಕೊಂಡು ಜಾಸ್ತಿ ಮಾಡಿದೆ. ಹೊಟ್ಟೆ ತುಂಬ ಊಟ ಮಾಡ್ತಿದ್ದಾರಲ್ಲ, ಏನಾಗುತ್ತೆ ಅಂದ್ಕೊಂಡೆ."

ಆಗ ನಾನು ಸುಮ್ಮನೆ ಇರಬಹುದಿತ್ತು. ಕಾಲು ವಾಪಸ್ ಹೋಗಲು ಸಿದ್ಧವಾಗಿತ್ತು.

"ಅವರು ರಾತ್ರಿ ಊಟ ಮಾಡ್ತಿರಲಿಲ್ಲ" ಎಂದೆ.

ಅವಳ ಕೈ ನಿಂತಿತು.

"ನಾನೇ ಬೇಡ ಅಂದಿದ್ದೆ. ತಟ್ಟೆ ಗುಂಡಿಗೆ ಹೋಗ್ತಿತ್ತು. ಅಲ್ಲದೆ ಹಾಗಲದ ರಸ ಕೊಡ್ತಿದ್ದೆ. ಎರಡು ಹೊತ್ತು."

ಅವಳು ಮಣ್ಣಲ್ಲೇ ಕೂತುಬಿಟ್ಟಳು. ಬೆರಳು 'ಊಟ, ಹಾಗಲ, ಎಲೆ, ಮಾತ್ರೆ' ಎನ್ನುವಂತೆ ಒಂದೊಂದಾಗಿ ಮಡಚಿಕೊಂಡವು. ಕೊನೆಗೆ ಕೇಳಿದಳು, "ನಾನು ಮಾಡಿದ ಊಟ ಯಾಕೆ ಬೇಡ ಅಂದ್ರಿ?"

ನಾನು ಮುರಿದ ಕಣಗಿಲೆ ರೆಂಬೆಯ ಕಡೆ ನೋಡಿದೆ. ಅವಳೂ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಮುಖ ನಿಧಾನಕ್ಕೆ ಬದಲಾಯಿತು. ನಾನು ಬಾಯಿ ತೆರೆದೆ.

"ಬೇಡ" ಎಂದಳು. "ಬಾಯಿಬಿಟ್ಟು ಹೇಳಬೇಡಿ ಅಕ್ಕ. ಹೇಳಿದ್ರೆ ನಾನು ಕೇಳಿಸ್ಕೋಬೇಕಾಗುತ್ತೆ. ಕೇಳಿಸ್ಕೊಂಡ ಮೇಲೆ ನಿಮ್ಮ ಜೊತೆ ಒಂದೇ ಮನೇಲಿ ಇರೋದು ಹೇಗೆ?"

ಗಿಡಗಳ ರಾಶಿಯನ್ನು ಗೋಣಿಗೆ ತುಂಬಿದೆವು. ಬಿದ್ದ ತುಂಡುಗಳನ್ನೂ ಬಿಡದೆ ಆರಿಸಿದೆವು. ಅವಳು ಕೈ ಕೊಡವಿಕೊಂಡು ಎದ್ದಳು.

"ನಿನ್ನೆ ಭಾವ ಕೇಳಿದ್ರು, ಸಕ್ಕರೆ ಯಾರು ಹಾಕಿದ್ದು ಅಂತ. ಇಬ್ಬರೂ ಸೇರಿ ಅಂದೆ."

ಅವಳ ಮುಂಗೈಯಲ್ಲಿ ನನ್ನ ಬೆರಳ ಗುರುತು ನೀಲಿಗಟ್ಟಿತ್ತು. ಅಂಗಿಯ ತೋಳನ್ನು ಕೆಳಗೆ ಎಳೆದು ಅದನ್ನು ಮುಚ್ಚಿಕೊಂಡಳು. ಇದನ್ನೆಲ್ಲ ಇಷ್ಟು ಸಲೀಸಾಗಿ ಮುಚ್ಚಬಲ್ಲವಳು ಮುಂದೆ ಯಾವಾಗಲಾದರೂ ತೆರೆದಾಳೇ? ಆ ಯೋಚನೆ ಆಗಲೂ ಬಂತು. ಬರಬಾರದಿತ್ತು, ಬಂತು.

ಅಡುಗೆಮನೆಯ ಬಾಗಿಲಲ್ಲಿ ನನ್ನ ಗಂಡ ಬಂದು ನಿಂತರು. "ಏನು, ಇಬ್ಬರೂ ಬೇಲಿ ಹಿಂದೆ ಸೇರ್ಕೊಂಡಿದ್ದೀರಿ? ನಿಜವಾಗಿ ನಿನ್ನೆ ಏನಾಯ್ತು ಅಂತ ನನಗೆ ಯಾರಾದ್ರೂ ಸರಿಯಾಗಿ ಹೇಳ್ತೀರಾ?"

ಚಿಕ್ಕವಳು ನನ್ನ ಕಡೆ ತಿರುಗಲಿಲ್ಲ. ಗೋಣಿಯ ಒಂದು ಕಿವಿ ಹಿಡಿದು, ಇನ್ನೊಂದು ಕಿವಿ ನನ್ನ ಕಡೆ ಚಾಚಿ ಕಾದಳು. ಗಂಡನಿಗಾಗಲಿ, ಮೈದುನನಿಗಾಗಲಿ, ಡಾಕ್ಟರಮ್ಮನಿಗಾಗಲಿ, ಇನ್ನು ಯಾರಿಗೂ ನಾನು ಇದನ್ನು ಹೇಳುವುದಿಲ್ಲ ಎಂದು ಆ ಕ್ಷಣದಲ್ಲಿ ನಿರ್ಧರಿಸಿದೆ.

"ಮಾವ ಹೇಳಿದ್ರಲ್ಲ, ಅಷ್ಟೇ ರೀ" ಎಂದು ಗೋಣಿಯ ಕಿವಿ ಹಿಡಿದುಕೊಂಡೆ.